ಮಗುವನ್ನು ಅಜ್ಜಿಯ ಬಳಿ ಬಿಟ್ಟು ಎರಡು ದಿನ ಕ್ಯಾಸಲ್‌ರಾಕ್‌ಗೆ: ಶ್ರಾವಕ ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಜೈನ ಮನೆಗಳಲ್ಲಿ ಊರು ಬಿಟ್ಟು ಹೊರಡುವುದೆಂದರೆ ಬಹುತೇಕ ಯಾತ್ರೆಯೇ. ಶ್ರವಣಬೆಳಗೊಳ, ಹುಂಚ, ಮೂಡುಬಿದಿರೆ, ಕಾರ್ಕಳ, ಧರ್ಮಸ್ಥಳ, ಅನುಕೂಲ ಕೂಡಿ ಬಂದರೆ ಸಮ್ಮೇದ ಶಿಖರ್ಜಿ. ಹೊರಟರೆ ಅಜ್ಜ, ಅಜ್ಜಿ, ಮಕ್ಕಳು, ಮಕ್ಕಳ ಹಾಲಿನ ಬಾಟಲಿ, ಡಬ್ಬಿಗಟ್ಟಲೆ ತಿಂಡಿ ಎಲ್ಲವೂ ಒಂದೇ ಗಾಡಿಯಲ್ಲಿ. ಗಂಡ ಹೆಂಡತಿ ಇಬ್ಬರೇ ಎಲ್ಲಿಗಾದರೂ ಹೋಗಿ ಬರುವುದು ಮದುವೆಯಾದ ಹೊಸದರಲ್ಲಿ ಒಮ್ಮೆ ನಡೆದರೆ ನಡೆಯಿತು. ಮಗು ಹುಟ್ಟಿದ ಮೇಲೆ ಆ ಮಾತನ್ನು ಮನೆಯಲ್ಲಿ ಎತ್ತುವುದೇ ಕಷ್ಟ.

ಆದರೆ ಎತ್ತಬೇಕಾದ ಕಾಲವೂ ಅದೇ. ಎರಡು, ಮೂರು ವರ್ಷದ ಮಗುವಿರುವ ಮನೆಯಲ್ಲಿ ದಂಪತಿಗಳ ನಡುವಿನ ಮಾತು ಹಾಲು, ಜ್ವರ, ಶಾಲೆಯ ಶುಲ್ಕ, ಮರುದಿನ ಯಾರು ರಜೆ ಹಾಕಬೇಕು ಎಂಬಷ್ಟಕ್ಕೇ ಬಂದು ನಿಲ್ಲುತ್ತದೆ. ಜಗಳವೇನೂ ಇರುವುದಿಲ್ಲ, ಜಗಳವಾಡಲೂ ಬಿಡುವಿರುವುದಿಲ್ಲ. ಇಂಥವರು ಎರಡು ದಿನ ಮಗುವನ್ನು ಹಿರಿಯರಿಗೆ ಒಪ್ಪಿಸಿ ಹೊರಟರೆ ಅದು ಧರ್ಮಕ್ಕೆ ಒಪ್ಪುವ ಕೆಲಸವೇ, ಮಗುವಿಗೆ ತೊಂದರೆಯಾಗುವುದೇ, ವ್ರತ-ನಿಯಮಗಳ ಗತಿ ಏನು ಎಂಬ ಪ್ರಶ್ನೆಗಳು ಏಳುತ್ತವೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರಿಗೆ ರೈಲಿನಲ್ಲಿ ಸುಲಭವಾಗಿ ತಲುಪಬಹುದಾದ ಕ್ಯಾಸಲ್‌ರಾಕ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಗಳನ್ನು ಇಲ್ಲಿ ನೋಡಲಾಗಿದೆ. ದೂರದ ಜಿಲ್ಲೆಯವರು ತಮ್ಮ ಸಮೀಪದ ಸ್ಥಳಕ್ಕೆ ಇದನ್ನೇ ಹೊಂದಿಸಿಕೊಳ್ಳಬಹುದು.

"ಸುಮ್ಮನೆ ತಿರುಗಾಟ" ಎಂಬ ಆಕ್ಷೇಪ

ಮನೆಯ ಹಿರಿಯರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಬಸದಿ ಇಲ್ಲ, ಕ್ಷೇತ್ರ ಇಲ್ಲ, ಮದುವೆ ಮುಂಜಿ ಇಲ್ಲ, ಸುಮ್ಮನೆ ಕಾಡಿಗೆ ಯಾಕೆ? ಇದನ್ನು ಹಳೆಯ ಕಾಲದವರ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ. ಇದಕ್ಕೆ ಶಾಸ್ತ್ರದ ಆಧಾರವಿದೆ. ಶ್ರಾವಕರ ಹನ್ನೆರಡು ವ್ರತಗಳಲ್ಲಿ ಅನರ್ಥದಂಡ ವಿರತಿ ಒಂದು. ಪ್ರಯೋಜನವಿಲ್ಲದೆ ಪಾಪಕ್ಕೆ ಕಾರಣವಾಗುವ ಕೆಲಸಗಳಿಂದ ದೂರವಿರುವುದು ಅದರ ಅರ್ಥ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿ, ಅವುಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ವೃಥಾ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದರ ಜೊತೆಗೆ ವೃಥಾ ಅಲೆದಾಡುವುದನ್ನೂ ಅಲೆಸುವುದನ್ನೂ ಸೇರಿಸಿದ್ದಾರೆ. ಕಾಡಿನ ರೆಸಾರ್ಟ್‌ನಲ್ಲಿ ರಾತ್ರಿ ಹಚ್ಚುವ ಕ್ಯಾಂಪ್‌ಫೈರ್, ತೊರೆಯಲ್ಲಿ ಗಂಟೆಗಟ್ಟಲೆ ನೀರೆರಚಾಟ, ದಾರಿಯುದ್ದಕ್ಕೂ ಕಿತ್ತು ಎಸೆಯುವ ಹೂವು ಕೊಂಬೆ ಈ ಪಟ್ಟಿಗೆ ನೇರವಾಗಿ ಬರುತ್ತವೆ.

ಆದರೆ ಆ ವಿವರಣೆಯಲ್ಲಿ ತೂಕವಿರುವುದು 'ವಿಫಲ' ಎಂಬ ಮಾತಿಗೆ. ಫಲವಿಲ್ಲದ ಆರಂಭ ದೋಷ. ಹಾಗಾದರೆ ದಂಪತಿಗಳು ಒಬ್ಬರಿಗೊಬ್ಬರು ಸಮಯ ಕೊಡುವುದು ಫಲವಿಲ್ಲದ ಕೆಲಸವೇ? ಗೃಹಸ್ಥರ ಬ್ರಹ್ಮಚರ್ಯಾಣುವ್ರತಕ್ಕೆ ಸ್ವದಾರ ಸಂತೋಷ ಎಂಬ ಹೆಸರೂ ಇದೆ. ತನ್ನ ಸಂಗಾತಿಯಲ್ಲಿಯೇ ತೃಪ್ತಿ ಎಂಬುದು ಅಲ್ಲಿ ವ್ರತದ ಮಟ್ಟಕ್ಕೆ ಏರಿದೆ. ತೃಪ್ತಿ ತಾನಾಗಿಯೇ ಉಳಿಯುವುದಿಲ್ಲ, ಅದನ್ನು ಕಾಪಾಡಿಕೊಳ್ಳಬೇಕು. ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ಕಾಮ ಪುರುಷಾರ್ಥದ ಮಾತು ಬಂದಾಗ, ಧರ್ಮಕ್ಕೂ ಅರ್ಥಕ್ಕೂ ವಿರೋಧವಾಗದಂತೆ ಅದನ್ನು ಸೇವಿಸುವವನು ಸುಖಿ ಎನ್ನುತ್ತಾರೆ. ಮೂರರಲ್ಲಿ ಯಾವುದೊಂದನ್ನು ಅತಿಯಾಗಿ ಹಿಡಿದರೂ ಅದು ಉಳಿದೆರಡನ್ನೂ ತನ್ನನ್ನೂ ಕೆಡಿಸುತ್ತದೆ ಎಂದೂ ಎಚ್ಚರಿಸುತ್ತಾರೆ. ಮುನಿಗಳಾದವರೇ ಗೃಹಸ್ಥರಿಗೆ ಇಷ್ಟು ಸ್ಪಷ್ಟವಾಗಿ ಹೇಳಿರುವಾಗ ಮನೆಯಲ್ಲಿ ಸಂಕೋಚಪಡಬೇಕಾದ ಕಾರಣವಿಲ್ಲ. ಪ್ರಶ್ನೆ ಹೋಗಬೇಕೋ ಬೇಡವೋ ಎಂಬುದಕ್ಕಿಂತ ಎಷ್ಟು ಮಿತಿಯಲ್ಲಿ, ಯಾವ ರೀತಿಯಲ್ಲಿ ಎಂಬುದು.

ಮಿತಿ ಹಾಕಿಕೊಳ್ಳಲು ಬೇಕಾದ ಸಾಧನವೂ ವ್ರತಗಳಲ್ಲಿಯೇ ಇದೆ. ದಿಗ್ವ್ರತ ಎಂದರೆ ಜೀವನಪರ್ಯಂತ ಹತ್ತು ದಿಕ್ಕುಗಳಲ್ಲಿ ಸಂಚಾರದ ಗಡಿ ಹಾಕಿಕೊಳ್ಳುವುದು. ದೇಶವ್ರತ ಎಂದರೆ ಆ ಗಡಿಯೊಳಗೇ ಕೆಲವು ದಿನಗಳ ಮಟ್ಟಿಗೆ ಇನ್ನೂ ಚಿಕ್ಕ ಗಡಿ. ತತ್ತ್ವಾರ್ಥಸೂತ್ರದ ಕ್ರಮದಲ್ಲಿ ದೇಶವ್ರತ ಗುಣವ್ರತಗಳ ಜೊತೆ ಬರುತ್ತದೆ. ರತ್ನಕರಂಡಕದಲ್ಲಿ ದೇಶಾವಕಾಶಿಕ ಎಂಬ ಹೆಸರಿನಿಂದ ಶಿಕ್ಷಾವ್ರತಗಳ ಸಾಲಿನಲ್ಲಿದೆ. ಮನೆ, ಊರು, ಹೊಲ, ನದಿ, ಕಾಡು, ಇಷ್ಟು ಯೋಜನ ಎಂದು ಗಡಿ ಗುರುತಿಸಬೇಕು. ಇಷ್ಟು ಕಾಲ ಎಂದು ಅವಧಿಯನ್ನೂ ಹೇಳಿಕೊಳ್ಳಬೇಕು. ಎರಡು ದಿನದ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಯೋಜನಾಪಟ್ಟಿ ಸಿಗುವುದು ಕಷ್ಟ. ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆಯವರೆಗೆ, ಪಶ್ಚಿಮಕ್ಕೆ ಕ್ಯಾಸಲ್‌ರಾಕ್, ಅದರಾಚೆ ಇಲ್ಲ ಎಂದು ಇಬ್ಬರೂ ಕೂತು ನಿಶ್ಚಯಿಸಿಕೊಂಡು ಹೊರಟರೆ, ಅಲ್ಲಿಗೆ ಹೋದ ಮೇಲೆ "ಗೋವಾ ಇಲ್ಲೇ ಇದೆಯಲ್ಲ, ಒಂದು ದಿನ ಮುಂದಕ್ಕೆ ಹೋಗೋಣವೇ" ಎಂಬ ಮಾತೇ ಬರುವುದಿಲ್ಲ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುತ್ತಿರುವವರಿಗೂ ಯಾವಾಗ ವಾಪಸ್ ಎಂಬುದು ಖಚಿತವಾಗಿ ಗೊತ್ತಿರುತ್ತದೆ.

ಗಡಿಯಲ್ಲಿರುವ ಊರು

ಕ್ಯಾಸಲ್‌ರಾಕ್ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಸಣ್ಣ ಊರು. ಹುಬ್ಬಳ್ಳಿಯಿಂದ ಧಾರವಾಡ, ಅಳ್ನಾವರ, ಲೋಂಡಾ, ತಿನೈಘಾಟ್ ದಾಟಿದರೆ ಕರ್ನಾಟಕದ ಕಡೆಯ ಈ ನಿಲ್ದಾಣ ಬರುತ್ತದೆ. ದೂರ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಬೆಳಗಾವಿಯವರು ಖಾನಾಪುರ, ಲೋಂಡಾ ಮಾರ್ಗವಾಗಿ ಬರಬಹುದು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದ ನಂತರ ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿಸಿ ಹಾಕಿದ ರೈಲು ದಾರಿ 1888ರಲ್ಲಿ ಇಲ್ಲಿ ಕೂಡಿತು. 1961ರ ಡಿಸೆಂಬರ್ 19ರಂದು ಗೋವಾ ಸ್ವತಂತ್ರವಾಗುವವರೆಗೆ ಇದು ಎರಡು ಆಡಳಿತಗಳ ಗಡಿ ನಿಲ್ದಾಣ. ಪ್ರಯಾಣಿಕರ ಸಾಮಾನು ಸರಂಜಾಮುಗಳ ಸುಂಕ ತಪಾಸಣೆ ನಡೆಯುತ್ತಿದ್ದ ಜಾಗ. ಗಡಿ ಹಾಕಿಕೊಂಡು ಬರುವವರಿಗೆ ಒಪ್ಪುವ ಊರೇ ಸರಿ.

ಇಲ್ಲಿಂದ ಗೋವಾದ ಕುಳೆಂವರೆಗಿನ 26 ಕಿಲೋಮೀಟರ್ ಘಟ್ಟದ ದಾರಿಯಲ್ಲಿ ಪ್ರತಿ 37 ಅಡಿಗೆ ಒಂದು ಅಡಿಯಷ್ಟು ಇಳಿಜಾರಿದೆ. ಭಾರತೀಯ ರೈಲ್ವೆಯಲ್ಲಿ ಇಷ್ಟು ಕಡಿದಾದ ಬ್ರಾಡ್‌ಗೇಜ್ ದಾರಿ ಅಪರೂಪ. ಹಾಗಾಗಿ ಗಾಡಿಗಳು ಬ್ರೇಕ್ ಪರೀಕ್ಷೆಗೆಂದು ಕ್ಯಾಸಲ್‌ರಾಕ್‌ನಲ್ಲಿ ನಿಲ್ಲುತ್ತವೆ, ಮೇಲೇರುವ ಗಾಡಿಗಳಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಸುಮಾರು 310 ಮೀಟರ್ ಎತ್ತರದ ದೂಧಸಾಗರ ಜಲಪಾತ ಇದೇ ದಾರಿಯಲ್ಲಿದೆ. ಅದು ಇರುವುದು ಗೋವಾ ಸರ್ಕಾರದ ಭಗವಾನ್ ಮಹಾವೀರ ಅಭಯಾರಣ್ಯದಲ್ಲಿ. ಜೀವದಯೆಯನ್ನು ಲೋಕಕ್ಕೆ ಸಾರಿದ ತೀರ್ಥಂಕರರ ಹೆಸರು ಒಂದು ಅಭಯಾರಣ್ಯಕ್ಕೆ ಇದೆ ಎಂಬುದು ನಮ್ಮ ಅನೇಕ ಮನೆಗಳಲ್ಲಿ ತಿಳಿದಿಲ್ಲ.

ಒಂದು ಎಚ್ಚರಿಕೆ. ಕ್ಯಾಸಲ್‌ರಾಕ್‌ನಿಂದ ಹಳಿಯ ಮೇಲೆ ನಡೆದು ಜಲಪಾತ ನೋಡುವುದು ಹಿಂದೆ ಚಾರಣಿಗರಲ್ಲಿ ರೂಢಿಯಲ್ಲಿತ್ತು. ಈಗ ಅದು ನಿಷಿದ್ಧ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹಳಿಯ ಮೇಲಿನ ಅತಿಕ್ರಮ ಪ್ರವೇಶ ಶಿಕ್ಷಾರ್ಹ. ಸುರಂಗಗಳ ಒಳಗೆ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಮನೆಯಲ್ಲಿ ಮಗುವನ್ನು ಬಿಟ್ಟು ಬಂದ ತಂದೆ ತಾಯಿಗೆ ಈ ಸಾಹಸ ಸಲ್ಲದು. ರೈಲಿನ ಕಿಟಕಿಯಿಂದಲೇ ಜಲಪಾತ ಚೆನ್ನಾಗಿ ಕಾಣುತ್ತದೆ. ಅದನ್ನು ನೋಡುವ ಮನಸ್ಸಿದ್ದರೆ ಹೊರಡುವಾಗಲೇ ಗಡಿಯನ್ನು ಕುಳೆಂವರೆಗೆ ಇಟ್ಟುಕೊಳ್ಳಬೇಕು.

ಸುತ್ತಲಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನೆರೆಯದು. ದಾಂಡೇಲಿ-ಅಣಶಿ ಎಂಬ ಹೆಸರಿನಿಂದ 2007ರಲ್ಲಿ ಘೋಷಣೆಯಾದದ್ದು ನಂತರ ಕಾಳಿ ಎಂದಾಯಿತು. ಹತ್ತಿರದ ಕುವೇಶಿಯಲ್ಲಿ ಅರಣ್ಯ ಇಲಾಖೆ ಮರಗಳ ತುದಿಯ ಮಟ್ಟದಲ್ಲಿ ತೂಗುದಾರಿ ಕಟ್ಟಿದೆ; ಪ್ರವೇಶವಿದೆಯೇ ಎಂದು ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅನುಮತಿಯಿಲ್ಲದೆ ಕಾಡಿನೊಳಗಿನ ತೊರೆ, ಜಲಪಾತಗಳಿಗೆ ಹೋಗುವಂತಿಲ್ಲ. ದಾಂಡೇಲಿಯ ರ್‍ಯಾಫ್ಟಿಂಗ್, ಗದ್ದಲ ಬೇಕೆನ್ನುವವರಿಗೆ ಬೇರೆ ದಾರಿಯಿದೆ. ಕ್ಯಾಸಲ್‌ರಾಕ್‌ನಲ್ಲಿ ನೋಡುವುದಕ್ಕಿಂತ ಸುಮ್ಮನೆ ಕೂರುವುದೇ ಹೆಚ್ಚು. ವರ್ಷಗಟ್ಟಲೆ ನಿದ್ದೆಗೆಟ್ಟ ತಂದೆ ತಾಯಿಗೆ ಅದಕ್ಕಿಂತ ಹೆಚ್ಚೇನೂ ಬೇಕಾಗಿಯೂ ಇಲ್ಲ.

ಯಾವ ತಿಂಗಳು, ಯಾವ ತಿಥಿ

ಕ್ಯಾಸಲ್‌ರಾಕ್‌ನ ಚಿತ್ರಗಳೆಲ್ಲ ಮಳೆಗಾಲದವು. ಆದರೆ ಆ ನಾಲ್ಕು ತಿಂಗಳು ಚಾತುರ್ಮಾಸ. ಮುನಿಮಹಾರಾಜರು, ಮಾತಾಜಿಯವರು ಒಂದೆಡೆ ನೆಲೆಸುತ್ತಾರೆ. ಶ್ರಾವಕರಲ್ಲಿಯೂ ಅನೇಕರು ಪ್ರಯಾಣಕ್ಕೆ ಮಿತಿ ಹಾಕಿಕೊಳ್ಳುತ್ತಾರೆ. ನೆಲದ ಮೇಲೆ ಹೆಜ್ಜೆಯಿಡಲಾಗದಷ್ಟು ಜೀವರಾಶಿ ಹುಟ್ಟುವ ಕಾಲ ಅದು ಎಂಬ ಕಾರಣ ನಗರದ ಕಾಂಕ್ರೀಟಿನ ಮೇಲೆ ಅಷ್ಟಾಗಿ ಅರ್ಥವಾಗುವುದಿಲ್ಲ. ಇಲ್ಲಿ ಕಣ್ಣಿಗೇ ಕಾಣುತ್ತದೆ. ರಾತ್ರಿ ರಸ್ತೆಯ ಮೇಲೆ ಕಪ್ಪೆಗಳು, ಹುಳುಗಳು, ಏಡಿಗಳು. ಈ ಊರಿನಿಂದಲೇ ಗುರುತಿಸಲಾದ ಒಂದು ಇರುಳುಕಪ್ಪೆಯ ಪ್ರಭೇದವಿದೆ. ವಿಜ್ಞಾನಿಗಳು 2005ರಲ್ಲಿ ಅದಕ್ಕೆ ನಿಕ್ಟಿಬಾಟ್ರಾಕಸ್ ಪೆಟ್ರೇಯಸ್ ಎಂದು ಹೆಸರಿಟ್ಟರು, ರೂಢಿಯ ಹೆಸರು ಕ್ಯಾಸಲ್‌ರಾಕ್ ಇರುಳುಕಪ್ಪೆ. ಮಳೆಯಲ್ಲಿ ಕತ್ತಲಾದ ಮೇಲೆ ಕಾರು ಓಡಿಸಿದರೆ ಎಷ್ಟು ಜೀವಗಳ ಮೇಲೆ ಚಕ್ರ ಹಾಯುತ್ತದೆಂದು ಲೆಕ್ಕ ಇಡಲಾಗದು.

ಉಂಬಳಗಳ ವಿಷಯವೂ ಇದೆ. ಕಾಲಿಗೆ ಹತ್ತಿದ ಉಂಬಳಕ್ಕೆ ಉಪ್ಪು ಹಾಕುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಉಪ್ಪು ಬಿದ್ದರೆ ಅದು ಸಾಯುತ್ತದೆ ಅಥವಾ ಒದ್ದಾಡುತ್ತದೆ. ಮೊಣಕಾಲಿನವರೆಗಿನ ದಪ್ಪ ಕಾಲುಚೀಲ ಹಾಕಿಕೊಂಡು ಹತ್ತದಂತೆ ನೋಡಿಕೊಳ್ಳುವುದು ಒಳ್ಳೆಯದು. ಹತ್ತಿದರೆ ಕಚ್ಚಿದ ಕಡೆಯಿಂದ ಉಗುರಿನಲ್ಲಿ ಮೆಲ್ಲಗೆ ಸರಿಸಿ ಬಿಡಿಸಿ ಹುಲ್ಲಿಗೆ ಬಿಟ್ಟರೆ ಅದೂ ಉಳಿಯುತ್ತದೆ, ಗಾಯವೂ ಬೇಗ ಮಾಯುತ್ತದೆ.

ಚಾತುರ್ಮಾಸದ ನಿಯಮವಿಲ್ಲದವರು ಮಳೆಗಾಲದಲ್ಲಿ ಹೋಗುವುದಾದರೂ ಇನ್ನೊಂದು ಲೆಕ್ಕ ಹಾಕಬೇಕು. ಈ ಘಟ್ಟದಲ್ಲಿ ಗುಡ್ಡ ಕುಸಿದು ರೈಲು ಸಂಚಾರ ನಿಂತ ಪ್ರಸಂಗಗಳು ಹಲವು ಬಾರಿ ಆಗಿವೆ. ಮಕ್ಕಳಿಲ್ಲದವರಿಗೆ ಒಂದು ದಿನ ತಡವಾದರೆ ಅದು ಹೇಳಿಕೊಳ್ಳುವ ಕಥೆ. ಭಾನುವಾರ ಸಂಜೆ ಅಮ್ಮ ಬರುತ್ತಾಳೆಂದು ಕಾದು ಕೂತ ಮೂರು ವರ್ಷದ ಮಗುವಿಗೆ ಅದು ಬೇರೆಯೇ ಸಂಗತಿ. ಕಾರ್ತಿಕದ ಅಷ್ಟಾಹ್ನಿಕ ಪರ್ವ ಮುಗಿದ ಮೇಲೆ, ಅಂದರೆ ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಅವಧಿ ಎಲ್ಲ ರೀತಿಯಿಂದಲೂ ಮೇಲು. ಜಲಪಾತದ ಆರ್ಭಟ ಅಷ್ಟಿರುವುದಿಲ್ಲ ಎಂಬುದು ನಿಜ; ಆ ನಷ್ಟವನ್ನು ಒಪ್ಪಿಕೊಂಡೇ ಹೋಗಬೇಕು. ಒಣ ತಿಂಗಳುಗಳಲ್ಲಿ ಉಣ್ಣೆಗಳಿರುವುದರಿಂದ ತೋಳು, ಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಬೇಕು, ತರಗೆಲೆಯ ಮೇಲೆ ಕೂರಬಾರದು.

ತಿಂಗಳು ಗೊತ್ತಾದ ಮೇಲೆ ತಿಥಿ. ರಜೆಯ ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿಸುವವರು ಪಂಚಾಂಗ ನೋಡುವುದನ್ನು ಮರೆಯುತ್ತಾರೆ. ಅಷ್ಟಮಿ, ಚತುರ್ದಶಿಗಳಂದು ಮನೆಯ ಅಜ್ಜಿ ಉಪವಾಸವೋ ಏಕಾಶನವೋ ಮಾಡುತ್ತಾರೆ. ದಶಲಕ್ಷಣ ಪರ್ವದ ಹತ್ತು ದಿನ, ಶ್ವೇತಾಂಬರ ಮನೆಗಳಲ್ಲಿ ಪರ್ಯುಷಣದ ಎಂಟು ದಿನ, ವರ್ಷಕ್ಕೆ ಮೂರು ಬಾರಿಯ ಅಷ್ಟಾಹ್ನಿಕ ಹೇಳುವುದೇ ಬೇಡ. ಅರವತ್ತು ದಾಟಿದವರು ಹೊಟ್ಟೆಗೆ ಇಲ್ಲದೆ ಓಡಾಡುವ ಮಗುವಿನ ಹಿಂದೆ ಮಹಡಿ ಹತ್ತಿ ಇಳಿಯುವಂತಾದರೆ ಅದು ದಂಪತಿಗಳ ಸಂತೋಷಕ್ಕೆ ಹಿರಿಯರು ತೆತ್ತ ಬೆಲೆ. ಅವರು ಬಾಯಿಬಿಟ್ಟು ಬೇಡ ಎನ್ನುವುದಿಲ್ಲ, ಆದ್ದರಿಂದ ಕೇಳುವವರೇ ನೋಡಿಕೊಳ್ಳಬೇಕು. ಅವರ ಸಾಮಾಯಿಕದ ಹೊತ್ತು, ಬಸದಿಗೆ ಹೋಗುವ ಹೊತ್ತು ತಪ್ಪದಂತೆ ಆ ಎರಡು ಗಂಟೆಗೆ ಚಿಕ್ಕಮ್ಮನನ್ನೋ ಪಕ್ಕದ ಮನೆಯವರನ್ನೋ ಒಪ್ಪಿಸಿ ಹೋಗಬೇಕು.

ಜೋಯಿಡಾದ ಊಟ

ಜೋಯಿಡಾ ತಾಲೂಕಿನ ಹೆಸರು ಎರಡು ಪದಾರ್ಥಗಳಿಗೆ ದೊಡ್ಡದು. ಒಂದು ಕಾಡುಜೇನು. ಇನ್ನೊಂದು ಇಲ್ಲಿನ ಕುಣಬಿ ರೈತರು ತಲೆತಲಾಂತರದಿಂದ ಬೆಳೆದು ಉಳಿಸಿಕೊಂಡು ಬಂದ ಬಗೆಬಗೆಯ ಗಡ್ಡೆ-ಗೆಣಸು. ಜೋಯಿಡಾದಲ್ಲಿ ಅದಕ್ಕಾಗಿಯೇ ಮೇಳ ನಡೆಯುತ್ತದೆ. ಮದ್ಯ, ಮಾಂಸ, ಮಧು ತ್ಯಾಗ ಶ್ರಾವಕರ ಅಷ್ಟಮೂಲಗುಣಗಳಲ್ಲಿ ಸೇರಿದ್ದು, ಕಂದಮೂಲ ಅನಂತಕಾಯ. ಹೀಗೆ ಊರಿನ ಅತಿಥಿಸತ್ಕಾರದ ಎರಡು ಮುಖ್ಯ ಪದಾರ್ಥಗಳೂ ಜೈನರ ತಟ್ಟೆಗೆ ಬರುವಂತಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಹೋಂಸ್ಟೇ ನಡೆಸುವ ಬಡ ಕುಟುಂಬ ತನ್ನ ಹೊಲದ ಒಳ್ಳೆಯದನ್ನೇ ತಂದಿಟ್ಟಾಗ ಮುಖ ಸಿಂಡರಿಸಿದರೆ ಅದೂ ಹಿಂಸೆಯೇ. ಮೊದಲೇ ಹೇಳಿದರೆ ಈ ಮುಜುಗರವಿಲ್ಲ.

ಹೇಳುವಾಗ "ಜೈನ್ ಫುಡ್" ಎಂದರೆ ಸಾಲದು. ಗೋವಾ, ಮುಂಬೈ ಪ್ರವಾಸಿಗರನ್ನು ಕಂಡ ಹೋಟೆಲುಗಳಿಗೆ ಆ ಮಾತು ಗೊತ್ತಿರಬಹುದು, ಮನೆಯೂಟ ಮಾಡಿ ಬಡಿಸುವವರಿಗೆ ಗೊತ್ತಿರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಗಜ್ಜರಿ, ಯಾವ ಗಡ್ಡೆಯೂ ಬೇಡ. ಮೀನು, ಮಾಂಸ ಮಾಡಿದ ಪಾತ್ರೆ ಬೇಡ. ಸಂಜೆ ಇಷ್ಟು ಗಂಟೆಯೊಳಗೆ ಊಟ ಬೇಕು ಎಂದು ಬಿಡಿಸಿ ಹೇಳಬೇಕು. ಬೇಡದ್ದರ ಜೊತೆ ಬೇಕಾದದ್ದನ್ನೂ ಹೇಳಿದರೆ ಅಡುಗೆಯವರಿಗೆ ಅನುಕೂಲ: ಅನ್ನ, ತೊವ್ವೆ, ಹೀರೇಕಾಯಿ ಅಥವಾ ಸೌತೆಕಾಯಿ ಪಲ್ಯ, ಬಾಳೆಕಾಯಿ, ಮುರುಗಲು ಹಣ್ಣಿನ ಸಾರು. ಪಾತ್ರೆಯ ವಿಷಯದಲ್ಲಿ ಕಟ್ಟುನಿಟ್ಟಿರುವವರು ಒಂದು ಚಿಕ್ಕ ಕುಕ್ಕರ್, ಅಕ್ಕಿ-ಬೇಳೆ ಒಯ್ದರೆ ಒಂದು ಹೊತ್ತು ತಾವೇ ಕಿಚಡಿ ಮಾಡಿಕೊಳ್ಳಬಹುದು. ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಅವಲಕ್ಕಿ ಒಯ್ಯಲು ಉತ್ತರ ಕರ್ನಾಟಕದವರಿಗೆ ಹೇಳಿಕೊಡಬೇಕಾಗಿಲ್ಲ. ಮಗುವಿಗೆಂದು ಜೇನಿನ ಬಾಟಲಿ ತರುವ ಆಸೆ ಬಂದರೆ, ಒಂದು ವರ್ಷದೊಳಗಿನ ಶಿಶುವಿಗೆ ಜೇನು ಕೊಡಬಾರದೆಂದು ವೈದ್ಯರೂ ಹೇಳುತ್ತಾರೆ ಎಂಬುದು ನೆನಪಿರಲಿ.

ರಾತ್ರಿಭೋಜನ ತ್ಯಾಗ ಪಾಲಿಸುವವರಿಗೆ ಸಮಯ ಮುಖ್ಯ. ಡಿಸೆಂಬರ್ ಮೊದಲ ವಾರದಲ್ಲಿ ಈ ಭಾಗದಲ್ಲಿ ಸೂರ್ಯಾಸ್ತ ಸಂಜೆ 6 ಗಂಟೆಯ ಆಸುಪಾಸು. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರಿಗೆ 5 ಗಂಟೆಗೆಲ್ಲ ಎಲೆ ಹಾಕಬೇಕಾಗುತ್ತದೆ. ಎತ್ತರದ ಮರಗಳ ನಡುವೆ ಸೂರ್ಯ ಬೇಗ ಮರೆಯಾಗುವುದರಿಂದ ಕಣ್ಣಂದಾಜು ಬೇಡ, ಗಡಿಯಾರವೇ ಸರಿ. ಮಧ್ಯಾಹ್ನ ಸುತ್ತಾಡಿ 4 ಗಂಟೆಯೊಳಗೆ ಕೋಣೆಗೆ ಮರಳುವಂತೆ ದಿನವನ್ನು ಹೊಂದಿಸಿಕೊಂಡರೆ ನಿಯಮವೂ ಉಳಿಯುತ್ತದೆ, ಕತ್ತಲಲ್ಲಿ ಕಾಡುದಾರಿಯ ಸಂಚಾರವೂ ತಪ್ಪುತ್ತದೆ. ನೀರು ಸೋಸಲು ದಪ್ಪ ಬಟ್ಟೆ ಜೊತೆಗಿರಲಿ. ಸೋಸಿದ ನೀರಿನ ಅವಧಿ ಒಂದು ಮುಹೂರ್ತ. ಕುದಿಸಿದ್ದಾದರೆ 24 ಗಂಟೆ. ಪ್ರಯಾಣದಲ್ಲಿ ಕುದಿಸಿದ ನೀರೇ ಅನುಕೂಲ.

ಮಗು, ಫೋನು, ಅಜ್ಜಿ

ಎಷ್ಟು ವಯಸ್ಸಿನ ಮಗುವನ್ನು ಬಿಟ್ಟು ಹೋಗಬಹುದು? ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಆಹಾರ. ಆ ಅವಧಿಯಲ್ಲಿ ಈ ಮಾತೇ ಬೇಡ. ಎಂಟು ತಿಂಗಳಿನ ಆಸುಪಾಸಿನಲ್ಲಿ ಮಗುವಿಗೆ ತಾಯಿಯಿಂದ ಅಗಲುವ ಭಯ ಶುರುವಾಗುತ್ತದೆ, ಒಂದೂವರೆ ವರ್ಷದವರೆಗೆ ಅದು ಜೋರಾಗಿರುತ್ತದೆ. ಎರಡು ವರ್ಷ ಕಳೆದ, ಅಜ್ಜಿಯ ಮಗ್ಗುಲಲ್ಲಿ ಮಲಗಿ ರೂಢಿಯಿರುವ ಮಗುವಾದರೆ ಒಂದು ರಾತ್ರಿ ಕಳೆಯುವುದು ಸಾಧ್ಯ. ಇನ್ನೂ ಹಾಲುಣಿಸುತ್ತಿರುವ ತಾಯಿ ಎರಡು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಎದೆ ಕಟ್ಟಿ ನೋವು, ಜ್ವರ ಬರಬಹುದು. ಹಾಲು ತೆಗೆಯುವ ವ್ಯವಸ್ಥೆ ಮಾಡಿಕೊಳ್ಳದೆ ಹೊರಡಬಾರದು.

ಮೊದಲ ಸಲವೇ ಎರಡು ದಿನ ಬೇಡ. ಒಂದು ಮಧ್ಯಾಹ್ನ, ಆಮೇಲೆ ಒಂದು ರಾತ್ರಿ ಅದೇ ಊರಿನಲ್ಲಿ, ಆಮೇಲೆ ಪ್ರವಾಸ. ಮಗುವನ್ನು ಅಜ್ಜಿಯ ಊರಿಗೆ ಕಳಿಸುವುದಕ್ಕಿಂತ ಅಜ್ಜಿಯನ್ನು ಮಗುವಿನ ಮನೆಗೆ ಕರೆಸಿಕೊಳ್ಳುವುದು ವಾಸಿ: ತೊಟ್ಟಿಲು, ತಟ್ಟೆ, ಹೊದಿಕೆ, ಆಟಿಕೆ ಎಲ್ಲ ಇದ್ದಲ್ಲೇ ಇರುತ್ತವೆ. ಬೆಂಗಳೂರಿನಲ್ಲಿ ಇಬ್ಬರೇ ಇರುವ ದಂಪತಿಗಳಿಗೆ ಇದು ಸುಲಭವಲ್ಲ, ಆದರೂ ಪ್ರಯತ್ನಿಸುವಂಥದ್ದು. ಹೊರಡುವಾಗ ಮಗು ಮಲಗಿದ್ದಾಗ ಕದ್ದು ಹೋಗುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅಳು ತಪ್ಪಿಸುವ ಈ ಉಪಾಯದಿಂದ ಮಗು ಮುಂದೆ ಅಮ್ಮ ಸ್ನಾನಕ್ಕೆ ಹೋದರೂ ಬಾಗಿಲು ಬಡಿಯುತ್ತದೆ. ಹೇಳಿ ಹೋಗಬೇಕು; ಎರಡು ಸಲ ಮಲಗಿ ಎದ್ದರೆ ಬರುತ್ತೇವೆ ಎಂಬ ಲೆಕ್ಕ ಮೂರು ವರ್ಷದ ಮಗುವಿಗೆ ಅರ್ಥವಾಗುತ್ತದೆ.

ಹಿರಿಯರಿಗೂ ಹೇಳಿಯೇ ಹೋಗಬೇಕು. "ಬೆಳಗಾವಿಯಲ್ಲಿ ಸ್ನೇಹಿತರ ಮದುವೆ" ಎಂದು ಸುಳ್ಳು ಹೇಳಿ ಹೊರಡುವವರಿದ್ದಾರೆ. ಸತ್ಯಾಣುವ್ರತದ ಮಾತು ಹಾಗಿರಲಿ, ಮಗುವಿಗೆ ಜ್ವರ ಬಂದಾಗ ಅಜ್ಜಿ ಆ ಸ್ನೇಹಿತರ ಮನೆಗೆ ಫೋನು ಮಾಡಿದರೆ ಗತಿಯೇನು?

ಕ್ಯಾಸಲ್‌ರಾಕ್‌ನ ಅತಿ ದೊಡ್ಡ ತೊಡಕು ಇರುವುದೂ ಇಲ್ಲೇ. ಜೋಯಿಡಾ ತಾಲೂಕಿನ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ದುರ್ಬಲ. ಒಂದು ಕಂಪನಿಯ ಸಿಮ್ ಹಿಡಿದರೆ ಇನ್ನೊಂದು ಹಿಡಿಯುವುದಿಲ್ಲ. ಇಬ್ಬರಿಗೆ ಈ ಮೌನವೇ ಬೇಕಾಗಿರುತ್ತದೆ, ಮನೆಯಲ್ಲಿರುವವರಿಗೆ ಅದೇ ಆತಂಕ. ಉಳಿದುಕೊಳ್ಳುವ ಜಾಗದ ಸ್ಥಿರ ದೂರವಾಣಿ ಅಥವಾ ಮಾಲೀಕರ ಸಂಖ್ಯೆಯನ್ನು ಮನೆಯ ಗೋಡೆಗೆ ಬರೆದು ಅಂಟಿಸಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಕರೆಗೆ ಹೊತ್ತು ಗೊತ್ತುಮಾಡಿಕೊಂಡು ಆ ಹೊತ್ತಿಗೆ ಸಂಪರ್ಕ ಸಿಗುವ ಕಡೆ ಇರಬೇಕು. ಉಳಿದ ಹೊತ್ತು ಕರೆ ಬೇಡ. ದಿನಕ್ಕೆ ಹತ್ತು ಸಲ ವಿಡಿಯೋ ಕರೆ ಮಾಡಿದರೆ ಆಟದಲ್ಲಿ ಮರೆತಿದ್ದ ಮಗು ಮುಖ ನೋಡಿ ಮತ್ತೆ ಅಳಲು ಶುರುಮಾಡುತ್ತದೆ. ಅಜ್ಜಿ ಮತ್ತೆ ಮೊದಲಿನಿಂದ ಸಮಾಧಾನ ಮಾಡಬೇಕು.

ಮಗುವಿಗೆ ಜ್ವರ ಬಂದರೆ ಏನು ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿರಬೇಕು. ಮಕ್ಕಳ ವೈದ್ಯರ ಸಂಖ್ಯೆ, ಲಸಿಕೆ ಕಾರ್ಡು, ತೂಕಕ್ಕೆ ತಕ್ಕಂತೆ ವೈದ್ಯರು ಬರೆದುಕೊಟ್ಟ ಜ್ವರದ ಔಷಧಿಯ ಪ್ರಮಾಣ, ಒಂದಿಷ್ಟು ನಗದು, ರಾತ್ರಿ ಆಸ್ಪತ್ರೆಗೆ ಗಾಡಿ ತೆಗೆಯಬಲ್ಲ ಒಬ್ಬ ನೆಂಟ. ಈ ಪಟ್ಟಿಯನ್ನು ಮಗುವಿನ ತಂದೆ ಬರೆಯಲಿ. ನಮ್ಮ ಮನೆಗಳಲ್ಲಿ ಪ್ರವಾಸಕ್ಕೆ ಮೊದಲಿನ ಎರಡು ದಿನ ತಾಯಿಯೇ ಬಟ್ಟೆ ಜೋಡಿಸಿ, ಸೆರೆಲ್ಯಾಕ್ ತುಂಬಿಸಿ, ಅಡುಗೆ ಮಾಡಿಟ್ಟು ಬಸವಳಿದು, ರೈಲು ಹತ್ತಿದ ಕೂಡಲೇ ನಿದ್ದೆ ಹೋಗುತ್ತಾಳೆ. ಅಂಥ ಪ್ರವಾಸದಿಂದ ಗಂಡನೊಬ್ಬನಿಗೇ ವಿಶ್ರಾಂತಿ. ಅಜ್ಜಿಯ ಫೋನು ಬಂದಾಗ ಮೊದಲು ಎತ್ತಬೇಕಾದವನೂ ಅವನೇ.

ಸಾಕು ಎನಿಸಿದರೆ ಮರಳಲು ಲೋಂಡಾದವರೆಗೆ ರೈಲು, ಅಲ್ಲಿಂದ ರಸ್ತೆ ಎರಡೂ ಇವೆ. ಕ್ಯಾಸಲ್‌ರಾಕ್‌ನಿಂದ ಬೆಳಗಾವಿ ಅಥವಾ ಧಾರವಾಡ ಕೆಲವೇ ಗಂಟೆಗಳ ದಾರಿ. ಈ ಸ್ಥಳದ ಅನುಕೂಲ ಅದೇ: ಮುನ್ನಾರ್, ಊಟಿಗಳಿಂದ ಅರ್ಧ ರಾತ್ರಿಯಲ್ಲಿ ಎದ್ದು ಬರಲಾಗುವುದಿಲ್ಲ.

ಮರಳುವ ದಾರಿಯಲ್ಲಿ ಹಲಸಿ

ಬಸದಿ ದರ್ಶನವಿಲ್ಲದೆ ಮರಳಲು ಮನಸ್ಸಾಗದವರಿಗೆ ಖಾನಾಪುರ ತಾಲೂಕಿನ ಹಲಸಿ ಇದೆ. ಕದಂಬರ ಎರಡನೆಯ ರಾಜಧಾನಿಯಂತಿದ್ದ ಪಲಾಶಿಕೆ ಇದೇ. ಇಲ್ಲಿ ದೊರೆತ ತಾಮ್ರಶಾಸನಗಳು ಕರ್ನಾಟಕದ ಜೈನ ಇತಿಹಾಸಕ್ಕೆ ಬಹಳ ಮುಖ್ಯವಾದವು. ಕಾಕುತ್ಸ್ಥವರ್ಮನು ಶ್ರುತಕೀರ್ತಿ ಎಂಬ ಸೇನಾಪತಿಗೆ ಭೂಮಿ ಕೊಟ್ಟದ್ದು, ಮೃಗೇಶವರ್ಮನು ತಂದೆ ಶಾಂತಿವರ್ಮನ ನೆನಪಿಗಾಗಿ ಇಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ 33 ನಿವರ್ತನ ಭೂಮಿ ಬಿಟ್ಟದ್ದು ಅವುಗಳಿಂದ ತಿಳಿಯುತ್ತದೆ. ರವಿವರ್ಮನ ಕಾಲದ ಶಾಸನವಂತೂ ಇವತ್ತಿಗೂ ಹತ್ತಿರವಾದದ್ದು: ಒಂದು ಊರಿನ ಆದಾಯದಿಂದ ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನಗಳ ಜಿನೇಂದ್ರ ಮಹಿಮೆ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲಬೇಕು ಎಂದು ಅದು ವಿಧಿಸುತ್ತದೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಇದೇ ಕಾಡಿನಂಚಿನಲ್ಲಿ ಚಾತುರ್ಮಾಸವೂ ಅಷ್ಟಾಹ್ನಿಕವೂ ನಡೆಯುತ್ತಿದ್ದವು. ಈಗ ಹಳೆಯ ಬಸದಿಯ ಅವಶೇಷವನ್ನಷ್ಟೇ ಕಾಣಬಹುದು. ಬೆಳಗಾವಿ ಮಾರ್ಗವಾಗಿ ಹೋಗುವವರು ಕೋಟೆಯೊಳಗಿನ ಕಮಲ ಬಸದಿಯಲ್ಲಿ ನೇಮಿನಾಥ ಸ್ವಾಮಿಯ ದರ್ಶನ ಮಾಡಬಹುದು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬೀಚಿರಾಜ 1204ರ ಸುಮಾರಿಗೆ ಕಟ್ಟಿಸಿದ ಬಸದಿಯ ಮಂಟಪದ ಛಾವಣಿಯಲ್ಲಿ ಇಳಿಬಿದ್ದ ಕಲ್ಲಿನ ಕಮಲ ಈಗಲೂ ಹಾಗೆಯೇ ಇದೆ. ಆದರೆ ಮನೆಗೆ ಹೇಳಿದ ಹೊತ್ತು ಮೀರುವಂತಿದ್ದರೆ ಎರಡನ್ನೂ ಮುಂದಿನ ಸಲಕ್ಕೆ, ಮಕ್ಕಳನ್ನೂ ಕರೆದುಕೊಂಡು ಬರುವಾಗಿಗೆ ಇಟ್ಟುಕೊಳ್ಳುವುದು ಸರಿ.

ಮನೆ ಮುಟ್ಟಿದಾಗ ಮಗು ಓಡಿ ಬಂದು ತಬ್ಬಿಕೊಳ್ಳುತ್ತದೆಂದು ನಿರೀಕ್ಷಿಸಿದ ತಾಯಂದಿರು ಕೆಲವೊಮ್ಮೆ ಪೆಚ್ಚಾಗುತ್ತಾರೆ. ಮಗು ಅಜ್ಜಿಯ ಸೆರಗಿನ ಹಿಂದೆ ನಿಂತು ನೋಡುತ್ತದೆ, ಕರೆದರೂ ಬರುವುದಿಲ್ಲ, ರಾತ್ರಿ ಅಜ್ಜಿಯ ಬಳಿಯೇ ಮಲಗುತ್ತೇನೆಂದು ಹಟ ಹಿಡಿಯುತ್ತದೆ. ಇದು ಮುನಿಸು, ಮರೆವಲ್ಲ. ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಎತ್ತಿಕೊಳ್ಳಲು ಅವಸರ ಮಾಡದೆ ಹತ್ತಿರ ಕೂತು ಚೀಲ ಬಿಚ್ಚುತ್ತಿದ್ದರೆ ಸಾಕು, ಏನು ತಂದಿದ್ದಾರೆಂದು ನೋಡಲು ಅದೇ ಬರುತ್ತದೆ. ಅಜ್ಜಿಗೆ ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ ಬರಲು, ಮಧ್ಯಾಹ್ನ ನಿದ್ದೆ ಮಾಡಲು ಬಿಡಬೇಕು. ಆ ದಿನ ಅಡುಗೆ ಸೊಸೆಯದೋ ಮಗನದೋ ಎಂಬುದನ್ನು ರೈಲಿನಲ್ಲಿಯೇ ಮಾತಾಡಿಕೊಂಡು ಬಂದಿರಲಿ.